ಒಬ್ಬಳೇ ಇದ್ದ ತರಗತಿಯಲ್ಲಿ ಎರಡನೇ ಸ್ಥಾನ

ಬೆಟ್ಟ ಹತ್ತಿ ಹೆಸರು ಮಾಡಿದವರಿದ್ದಾರೆ, ಸಮುದ್ರ ಈಜಿ ಹೆಸರು ಮಾಡಿದವರಿದ್ದಾರೆ. ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹೆಸರು ಮಾಡಿದ್ದು ಒಂದೇ ಒಂದು ಪದವನ್ನು ಬಾಯಿಗೆ ತಾರದೆ. ಆ ಪದ ‘ಸುಮಾರು’. ನಲವತ್ತೊಂದು ವರ್ಷದ ಬದುಕಿನಲ್ಲಿ ಅವರು ಅದನ್ನು ಒಮ್ಮೆಯೂ ಆಡಿಲ್ಲವೆಂಬುದು ನಮ್ಮ ಬೀದಿಯ ನಂಬಿಕೆ. ಹುಟ್ಟಿದೊಡನೆ ಎಲ್ಲ ಮಕ್ಕಳೂ ಅಳುತ್ತವೆ. ಇವರು ಮಾತ್ರ ದಾದಿ ತೂಗಿ ಬರೆದುಕೊಳ್ಳುವ ತನಕ ಸುಮ್ಮನಿದ್ದು, ಮೂರು ಕಿಲೋ ನೂರು ಗ್ರಾಂ ಎಂದು ಬರೆಯಬೇಕಾದಲ್ಲಿ ಆಕೆ ಬರೀ ಮೂರು ಕಿಲೋ ಎಂದು ಬರೆದಮೇಲೆ ಕಿರುಚಲು ಶುರುಮಾಡಿದರಂತೆ. ಇದನ್ನು ಕಣ್ಣಾರೆ ಕಂಡವರಿಲ್ಲ. ಆದರೆ ಭಾವನನ್ನು ಬಲ್ಲವರು ಯಾರೂ ಸುಳ್ಳೆನ್ನುವುದೂ ಇಲ್ಲ.

ಬಸ್ ನಿಲ್ದಾಣ ಎಷ್ಟು ದೂರ ಎಂದು ದಾರಿಹೋಕ ಕೇಳಿದರೆ, “ನನ್ನ ಹೆಜ್ಜೇಲಿ ನಾನೂರ ಹನ್ನೆರಡು. ನಿಮ್ಮ ಕಾಲು ಗಿಡ್ಡ, ನಿಮ್ಮದು ನನಗೆ ಗೊತ್ತಿಲ್ಲ” ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಮ್ಮಮ್ಮ ಸೆರಗು ಸರಿಮಾಡಿಕೊಳ್ಳುತ್ತ, “ಅಡುಗೆ ಹೇಗಿದೆ ಅಳಿಯಂದಿರೇ?” ಎಂದು ಕೇಳಿದರು. “ಉಪ್ಪು ಅರ್ಧ ಗ್ರಾಂ ಜಾಸ್ತಿ” ಎಂದರು ಅಳಿಯಂದಿರು. ಅಂದು ಮೂಗಿನ ಮೇಲೆ ಇಟ್ಟ ಬೆರಳನ್ನು ಅಮ್ಮ ಇಂದಿಗೂ ಪೂರ್ತಿ ತೆಗೆದಿಲ್ಲ.

ತಪ್ಪು ಅವರದಲ್ಲ, ಕಸುಬಿನದು. ಭಾವ ತಕ್ಕಡಿ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ತರಕಾರಿಯವರ ಕೈತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯ ತಕ್ಕಡಿಯವರೆಗೆ ಊರಿನ ಸುಳ್ಳುಗಳೆಲ್ಲ ಅಲ್ಲಿಗೆ ಬಂದು, ನಿಜವಾಗಿ ಹೊರಗೆ ಹೋಗುತ್ತವೆ. ಗೋಡೆಗೆ ಒರಗಿದ ಕಪಾಟಿನಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳು ಅಪ್ಪ, ಅಮ್ಮ, ಮಕ್ಕಳು, ಮೊಮ್ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಅವುಗಳೆದುರಿಗೆ ಎರಡು ಮಣೆ ಹಾಕಿಕೊಂಡು ಕೂತು ಓದುವುದು ಈ ದಂಪತಿಯ ಇಬ್ಬರು ಮಕ್ಕಳು: ಎಂಟು ವರ್ಷದ ಮಗಳು ಮೆಣಸು, ಐದು ವರ್ಷದ ಮಗ ಡಬ್ಬಿ. ಅಡ್ಡಹೆಸರುಗಳು ಯಾಕೆ ಬಂದವೆಂದು ಮಕ್ಕಳನ್ನು ನೋಡಿದ ಯಾರೂ ಈವರೆಗೆ ಕೇಳಿಲ್ಲ.

ಹೌದು, ಈ ಮಕ್ಕಳು ಶಾಲೆಗೆ ಹೋಗುವುದಿಲ್ಲ. ಅದರ ಹಿಂದೆ ದೊಡ್ಡ ತತ್ತ್ವವೇನೂ ಇಲ್ಲ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಕೆಲಸ ಮಧ್ಯಾಹ್ನ ಎರಡರಿಂದ. ಮನೆಗೆ ಬರುವ ಹೊತ್ತಿಗೆ ಮಕ್ಕಳು ನಿದ್ದೆ. ತಡರಾತ್ರಿ ಬಂದ ಅವಳು ಏಳುವ ಮೊದಲೇ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಟು ಸಂಜೆ ನಾಲ್ಕಕ್ಕೆ ಬಂದರೆ ತಾಯಿಗೂ ಮಕ್ಕಳಿಗೂ ಭಾನುವಾರ ಮಾತ್ರ ಭೇಟಿ, ಅದೂ ಅಕ್ಕನಿಗೆ ರಜೆ ಸಿಕ್ಕಿದರೆ. ಮೆಣಸು ಶಾಲೆಗೆ ಹೋದ ಒಂದು ವರ್ಷ ಹಾಗೇ ಆಯಿತು. ಒಂದು ದಿನ ಹುಡುಗಿ ಅಕ್ಕನನ್ನು ನೋಡಿ, “ಇವತ್ತು ಭಾನುವಾರಾನಾ?” ಎಂದು ಕೇಳಿದಳು. ಅಲ್ಲಿಗೆ ಅಕ್ಕ ನಿರ್ಧರಿಸಿದಳು. ಬೆಳಿಗ್ಗೆ ಮಕ್ಕಳು ಅವಳವು: ತಲೆ ಬಾಚುವುದು, ಕಥೆ, ಹಾಡು, ಜಗಳ, ಪಾಠ. ಒಂದು ಗಂಟೆಯ ಮೇಲೆ ಭಾವನವು.

ಭಾವನ ಪಾಠಕ್ಕೆ ಊರಲ್ಲಿ ಸಾಟಿಯಿಲ್ಲ. ಕೂಡುವುದು, ಕಳೆಯುವುದು ಎಲ್ಲ ಕಲ್ಲುಗಳಲ್ಲೇ. ಡಬ್ಬಿ ಊಟಕ್ಕೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ ದೊಡ್ಡ ತಕ್ಕಡಿಯ ಮೇಲೆ ನಿಂತು ತಾನು ತಿಂದದ್ದೆಷ್ಟೆಂದು ಲೆಕ್ಕ ಬರೆಯಬೇಕು. ಮೆಣಸು ಮೂಲೆಯ ತರಕಾರಿಯವನೆದುರು ನಿಂತು, “ತಾತಾ, ನಿಮ್ಮ ತಕ್ಕಡಿ ನಿಮ್ಮ ಕಡೆಗೇ ವಾಲುತ್ತೆ” ಎಂದು ಹತ್ತು ಜನ ಕೇಳುವಂತೆ ಹೇಳಿದ ದಿನದಿಂದ ಆತ ಅವಳು ಬರುವುದು ಕಂಡರೆ ಸಾಕು, ಕೇಳದೆಯೇ ಒಂದು ಟೊಮೆಟೊ ಹೆಚ್ಚಿಗೆ ಹಾಕುತ್ತಾನೆ.

ಇಷ್ಟಕ್ಕೆಲ್ಲ ಶಿಕ್ಷಣ ಕಚೇರಿಯ ಅನುಮತಿ ಇತ್ತು. ಷರತ್ತು ಎರಡೇ. ಆರು ತಿಂಗಳಿಗೊಮ್ಮೆ ಮಕ್ಕಳ ಪ್ರಗತಿ ಪತ್ರ ತುಂಬಿ ಕಳಿಸಬೇಕು. ಮನೆಯ ಮಕ್ಕಳಿಗೆ ಮಾತ್ರ ಕಲಿಸಬೇಕು. ಪರರ ಮಕ್ಕಳನ್ನು ಸೇರಿಸಿಕೊಂಡರೆ ಅದು ಪರವಾನಗಿ ಇಲ್ಲದ ಶಾಲೆ, ಅನುಮತಿ ಅಂದೇ ರದ್ದು. ಪತ್ರ ತುಂಬುವುದು ಭಾವನ ಕೆಲಸ. ತುಂಬಿದರು, ಅಂಟಿಸಿದರು, ಅಂಚೆಗೆ ಹಾಕಿದರು. ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ಎರಡು ವಾರದ ನಂತರ ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಪರಿಶೀಲನಾಧಿಕಾರಿ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ ಹೆಂಗಸು, ಕಂಕುಳಲ್ಲಿ ಫೈಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಭಾವ ಪರ ಊರಿಗೆ, ಲಾರಿ ತೂಗುವ ವೇ ಬ್ರಿಡ್ಜ್ ಸರಿಮಾಡಲು ಹೋಗಿದ್ದರು. ಅಕ್ಕ ಮೆಣಸಿನ ಜಡೆ ಹೆಣೆಯುತ್ತಿದ್ದಳು. ಮಗಳ ಮನೆಗೆ ಬಂದಿದ್ದ ನಮ್ಮಮ್ಮ ಬಟಾಣಿ ಸುಲಿಯುತ್ತಿದ್ದರು. ಎರವಲು ಪಡೆದ ಏಣಿ ಹಿಂತಿರುಗಿಸಲು ಬಂದ ನಾನು ಇನ್ನೂ ಏಣಿಯನ್ನು ಹೆಗಲಿನಿಂದ ಇಳಿಸಿರಲಿಲ್ಲ.

“ಮೂರನೇ ತರಗತಿ ಮಗು ಯಾವುದು?” ಎಂದು ಕೇಳಿದರು ಅಧಿಕಾರಿ.

“ನಾನೇ,” ಎಂದಳು ಮೆಣಸು.

“ಪತ್ರದಲ್ಲಿ ಎರಡನೇ ಸ್ಥಾನ ಅಂತಿದೆ.”

“ಹೌದಾ!” ಅಕ್ಕನ ಮುಖ ಅರಳಿತು. “ನೋಡಿದ್ಯೇನಮ್ಮಾ? ಎರಡನೇ…” ಅಲ್ಲಿಗೆ ಮಾತು ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

“ಎಷ್ಟು ಜನರಲ್ಲಿ ಎರಡನೇದು?”

“ಒಬ್ಬಳಲ್ಲಿ,” ಎಂದಳು ಮೆಣಸು.

ಅಧಿಕಾರಿ ಫೈಲಿನ ಇನ್ನೊಂದು ಹಾಳೆ ತಿರುವಿದರು. “ಮಗನದು ಒಂದನೇ ತರಗತಿ. ಅವನಿಗೆ ಮೂರನೇ ಸ್ಥಾನ.” ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಅಂದ್ರೆ ಹುಡುಗನ ಮುಂದೆ ಇಬ್ಬರು, ಹುಡುಗಿ ಮುಂದೆ ಒಬ್ಬರು. ಆ ಮೂರು ಮಕ್ಕಳು ಎಲ್ಲಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೆ, ಅಂದು ಕಂಡೆ. ನಮ್ಮಮ್ಮ ಬಗ್ಗಿ ಮಂಚದ ಕೆಳಗೆ ನೋಡಿದರು. ಅಮ್ಮ ನೋಡಿದ್ದನ್ನು ಅಧಿಕಾರಿ ನೋಡಿದರು. ತಾವೂ ಬಗ್ಗಿದರು. ಅಲ್ಲಿದ್ದದ್ದು ಒಂದು ಹಳೆಯ ಟ್ರಂಕು, ಡಬ್ಬಿಯ ಒಂಟಿ ಚಪ್ಪಲಿ. ಆ ಚಪ್ಪಲಿಯನ್ನು ಅವರು ಅಪರಾಧದ ಕುರುಹಿನಂತೆ ಎತ್ತಿ ಹಿಡಿದರು.

“ಇದು ಯಾವ ಮಗೂದು?”

“ನಂದು!” ಎಂದು ಡಬ್ಬಿ ಕುಣಿದ. “ಮೂರು ದಿನದಿಂದ ಹುಡುಕ್ತಿದ್ದೆ!”

ಅಕ್ಕ ಭಾವನಿಗೆ ಫೋನ್ ಮಾಡಿದಳು. ಫೋನ್ ಬಂದ್ ಆಗಿತ್ತು. ಕೆಲಸದ ಹೊತ್ತಿನಲ್ಲಿ ಫೋನ್ ನಡುಗಿದರೆ ತಕ್ಕಡಿಯ ಮುಳ್ಳು ಬೆದರುತ್ತದೆಂದು ಭಾವನ ಸಿದ್ಧಾಂತ. ಲಾರಿ ತೂಗುವ ತಕ್ಕಡಿಗೂ ಅವರು ಅದೇ ದಯೆ ತೋರುತ್ತಾರೆ.

ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದರು. ಏಣಿಯೂ ಜೊತೆಗೆ ಬಂತು. “ಲೋ, ಅಳಿಯಂದಿರು ತಿಂಗಳಿಗೊಂದು ಸಲ ಪರ ಊರಿಗೆ ಹೋಗೋದು ವೇ ಬ್ರಿಡ್ಜಿಗೇನಾ?” ಎಂದು ಪಿಸುಗುಟ್ಟಿದರು.

“ಅಮ್ಮಾ, ಸುಮ್ನಿರಮ್ಮ!”

“ಒಂದಲ್ಲ, ಎರಡಲ್ಲ, ಮೂರು ಮಕ್ಕಳು ಕಣೋ! ಅದೂ ಹೋಗ್ಲಿ ಅಂದ್ರೆ, ಮೂರೂ ನಮ್ಮವಕ್ಕಿಂತ ಜಾಣ ಮಕ್ಕಳು!” ಅಮ್ಮನ ಕಣ್ಣಲ್ಲಿ ನೀರು ಬಂದದ್ದು ಕಡೆಯ ಮಾತಿಗೆ.

ಹೊರಗೆ ಬಂದಾಗ ಅಧಿಕಾರಿ ನಿಂತೇ ಇದ್ದರು. ಕೂರಿಸಿದರೆ ಕೋಪ ಇಳಿಯಬಹುದೆಂದು ಅಮ್ಮ ಅಂಗಡಿಯ ಕಿಟಕಿಯ ಬಳಿಯಿದ್ದ ಒಳ್ಳೆಯ ಮರದ ಕುರ್ಚಿಯನ್ನು ಎಳೆದು, ಸೆರಗಿನಿಂದ ಒರೆಸಿ, “ಕೂತ್ಕೊಳ್ಳಿ ಮೇಡಂ” ಎಂದರು. ಅಧಿಕಾರಿ ಅರ್ಧ ಬಾಗಿದ್ದರು.

“ಕೂರಬೇಡೀ!” ಎಂದು ಡಬ್ಬಿ ಚೀರಿದ ರಭಸಕ್ಕೆ ಚಿನ್ನದ ತಕ್ಕಡಿಯ ಮುಳ್ಳು ನಡುಗಿತು. “ಅದರಲ್ಲಿ ಯಾರೂ ಕೂರಬಾರದು! ಅಪ್ಪ ಬೈತಾರೆ! ಅದು ಫಸ್ಟ್ ಬಂದವರ ಕುರ್ಚಿ!”

ಅಧಿಕಾರಿ ಕೂರಲೂ ಇಲ್ಲ, ಏಳಲೂ ಇಲ್ಲ. ನಡುವೆ ಎಲ್ಲೋ ನಿಂತರು. ನಾವೆಲ್ಲ ಗರ ಬಡಿದವರಂತೆ ಆ ಕುರ್ಚಿಯನ್ನು ನೋಡಿದೆವು. ದಿನವೂ ಕಂಡ ಕುರ್ಚಿ. ಎರಡು ಪುಟ್ಟ ಮಣೆಗಳ ಮುಂದೆ, ಖಾಲಿ ಕುರ್ಚಿ. ಅದರಲ್ಲಿ ಯಾರೂ ಕೂತದ್ದನ್ನು ಈಚೆಗೆ ನಾನೂ ಕಂಡಿರಲಿಲ್ಲ.

ಅಧಿಕಾರಿ ನೆಟ್ಟಗಾದರು. “ಇನ್ನೇನು ಬೇಕು? ಕುರ್ಚಿ ಸಮೇತ ಇದೆ. ಅನುಮತಿ ರದ್ದು ಮಾಡಿ ಬರೀತೀನಿ. ಸೋಮವಾರದಿಂದ ಇಬ್ಬರೂ ಶಾಲೆಗೆ.”

ಅಕ್ಕನ ಕೈಯಲ್ಲಿದ್ದ ಬಾಚಣಿಗೆ ಮೆಣಸಿನ ಅರ್ಧ ಹೆಣೆದ ಜಡೆಯಲ್ಲೇ ನಿಂತಿತು. ಆಸ್ಪತ್ರೆಯಲ್ಲಿ ಎಂಥ ಗಾಯ ಕಂಡರೂ ಕಣ್ಣು ಮಿಟುಕಿಸದ ಹೆಂಗಸು. “ಬೆಳಿಗ್ಗೆ ಬಿಟ್ರೆ ಇವುಗಳ ಮುಖ ನೋಡೋಕೆ ನನಗೆ ಬೇರೆ ಹೊತ್ತಿಲ್ಲ ಮೇಡಂ,” ಎಂದಳು. ಮೆಣಸು ಹಿಂದೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಅಧಿಕಾರಿ ಒಂದು ಗಳಿಗೆ ಪೆನ್ನನ್ನೇ ನೋಡಿದರು. “ನಿಮ್ಮೆಜಮಾನರು ಬರಲಿ. ಅವರ ಬಾಯಲ್ಲೂ ಕೇಳಿಯೇ ಸಹಿ ಹಾಕ್ತೀನಿ,” ಎಂದು ಕೊನೆಗೆ, ನಾನು ಗೋಡೆಗೆ ಒರಗಿಸಿದ್ದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು.

ಹನ್ನೆರಡು ಐವತ್ತೆರಡಕ್ಕೆ ಭಾವ ಬಂದರು. ಎಣ್ಣೆ ಮೆತ್ತಿದ ಅಂಗಿ, ಕೈಯಲ್ಲಿ ಭಾರದ ಚೀಲ. ಮನೆ ತುಂಬ ಜನ, ಒಬ್ಬರ ಮುಖದಲ್ಲೂ ರಕ್ತವಿಲ್ಲ. ಅವರು ಚೀಲವನ್ನು ನೆಲಕ್ಕೆ ನೋವಾಗದಂತೆ ಇಳಿಸಿದರು.

“ಮೂರನೇ ತರಗತೀಲಿ ಮೊದಲ ಸ್ಥಾನ ಯಾರಿಗೆ?” ಅಧಿಕಾರಿಯ ದನಿ ಕೋರ್ಟಿನದಾಗಿತ್ತು.

“ಯಾರಿಗೂ ಇಲ್ಲ.”

“ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಸರಿಯಾಗಿ ಹೇಳಿ.”

ಭಾವನಿಗೆ ಯಾರೂ ಈವರೆಗೆ ಹೀಗೆ ಬೈದಿರಲಿಲ್ಲ. ಅವರ ಕಿವಿ ಕೆಂಪಾಯಿತು. “ತೊಂಬತ್ತು ಬಂದ್ರೆ ಮೊದಲನೇದು. ಎಂಬತ್ತು ಬಂದ್ರೆ ಎರಡನೇದು, ಎಪ್ಪತ್ತು ಬಂದ್ರೆ ಮೂರನೇದು. ಇವಳಿಗೆ ಬಂದಿದ್ದು ಎಂಬತ್ತೇಳೂವರೆ. ಇವನಿಗೆ ಎಪ್ಪತ್ನಾಲ್ಕು.”

“ಇರೋದೇ ಒಬ್ಬಳು ಅಂದ್ಮೇಲೆ ಅವಳೇ ಮೊದಲು ಅಲ್ವೇನ್ರೀ?”

“ಅಂಗಡೀಲಿ ಒಂದೇ ಕಲ್ಲಿದೆ ಅಂತ ಅದನ್ನ ಒಂದು ಕಿಲೋ ಅನ್ನೋಕಾಗುತ್ತಾ ಮೇಡಂ? ಒಂಬೈನೂರು ಗ್ರಾಂ ಇದ್ರೆ ಒಂಬೈನೂರೇ.”

ಮೊದಲು ಚೇತರಿಸಿಕೊಂಡವಳು ಅಕ್ಕ. “ರೀ! ಎರಡೂವರೆ ಮಾರ್ಕಿಗೆ ನನ್ನ ಜೀವ ತೆಗೆದ್ರಲ್ರೀ!”

“ನಂದೂ!” ಎಂದರು ಅಮ್ಮ. ಮಂಚದ ಕೆಳಗಿನಿಂದ ಪರ ಊರಿನವರೆಗೆ ತಾವು ಏನೇನು ಹುಡುಕಿ ಬಂದೆವೆಂಬುದನ್ನು ಮಾತ್ರ ಹೇಳಲಿಲ್ಲ.

ಅಧಿಕಾರಿ ಉತ್ತರ ಪತ್ರಿಕೆಗಳನ್ನು ಕೇಳಿದರು. ಭಾವ ಕಪಾಟಿನಿಂದ ತಂದರು. ಒಂದೊಂದು ಅರ್ಧ ಅಂಕ ಯಾಕೆ ಹೋಯಿತೆಂದು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ‘ಮನೆಯಿಂದ ತರಕಾರಿ ಅಂಗಡಿ ಎಷ್ಟು ದೂರ?’ ಎಂಬ ಪ್ರಶ್ನೆಗೆ ಮಗಳು ‘ಹತ್ತಿರ’ ಎಂದು ಬರೆದಿದ್ದಳು, ಸೊನ್ನೆ. ತನ್ನ ಚಿತ್ರ ಬರೆಯೆಂದರೆ ಡಬ್ಬಿ ತನ್ನ ಒಂದು ಕೈಗೆ ಆರು ಬೆರಳು ಬರೆದುಕೊಂಡಿದ್ದ. ಒಂದು ಅಂಕ ಕಟ್, ಹೆಚ್ಚಾದ ಬೆರಳಿಗೊಂದರಂತೆ. ಓದುತ್ತ ಓದುತ್ತ ಅಧಿಕಾರಿಯ ಹುಬ್ಬು ಮೇಲೇರಿತು, ಕನ್ನಡಕ ಕೆಳಗಿಳಿಯಿತು. ಅವರ ಮುಖದಲ್ಲಿ ಈಗ ಅನುಮಾನವಿರಲಿಲ್ಲ, ಬೆರಗಿತ್ತು.

“ಇಪ್ಪತ್ತೆರಡು ವರ್ಷದ ನೌಕರಿ,” ಎಂದರು ನಿಧಾನವಾಗಿ. “ನಲವತ್ತು ಮಕ್ಕಳಲ್ಲಿ ನಲವತ್ತೂ ಮೊದಲು ಬಂದ ಶಾಲೆ ನೋಡಿದ್ದೀನಿ. ಮನೇಲಿ ಓದೋ ಮಕ್ಕಳಂತೂ ಎಲ್ಲರೂ ನೂರಕ್ಕೆ ನೂರು. ಸ್ವಂತ ಮಗಳನ್ನ, ಒಬ್ಬಳೇ ಇರೋವಾಗ, ಎರಡನೇದಕ್ಕೆ ಇಳಿಸಿದ ತಂದೇನ ಇವತ್ತೇ ನೋಡಿದ್ದು.” ಬರೆದಿದ್ದ ಹಾಳೆಯನ್ನು ಹರಿದರು. ಹೊಸದರಲ್ಲಿ ‘ಅನುಮತಿ ಮುಂದುವರಿಸಿದೆ’ ಎಂದು ಬರೆದು ಸಹಿ ಹಾಕಿದರು. ಅಕ್ಕ ಬಾಚಣಿಗೆ ಬಿಡಿಸಿ, ಗಡಿಯಾರ ನೋಡಿ, ಮಿಕ್ಕ ಅರ್ಧ ಜಡೆಯನ್ನು ಅವಸರದಲ್ಲಿ ಹೆಣೆಯತೊಡಗಿದಳು. ಮೆಣಸು, “ಅಮ್ಮಾ, ಎಳೀಬೇಡ!” ಎಂದು ಕೂಗಿದಳು. ಮನೆ ಮತ್ತೆ ಮನೆಯಾಯಿತು.

ಅಧಿಕಾರಿ ಮಾತ್ರ ಏಳಲಿಲ್ಲ. ಅವರ ದೃಷ್ಟಿ ಕಿಟಕಿಯ ಬಳಿಯ ಖಾಲಿ ಕುರ್ಚಿಯ ಮೇಲೆ ನೆಟ್ಟಿತ್ತು. ಬೆಳಕು ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಡಬ್ಬಿ ಕೈಕಟ್ಟಿ ಅದರ ಪಕ್ಕ ಕಾವಲು ನಿಂತಿದ್ದ.

“ಇದನ್ನೂ ಬರೀತೀನಿ,” ಎಂದರು ಕನ್ನಡಕ ಒರೆಸುತ್ತ. “ಮೊದಲ ಸ್ಥಾನಕ್ಕೆ ಯೋಗ್ಯರು ಬರೋವರೆಗೂ ಕಾದಿರೋ ಪೀಠ! ಮಕ್ಕಳು ದಿನಾ ಎದುರಿಗೆ ನೋಡ್ತಾ ಬೆಳೀತಾರೆ. ಎಂಥ ಪದ್ಧತಿ! ಊರಿನ ಎಲ್ಲ ಶಾಲೆಗೂ ಇದನ್ನ ಹೇಳಬೇಕು. ಸುಮಾರು ಎಷ್ಟು ದಿನದಿಂದ ಇದನ್ನ ಪಾಲಿಸ್ತಿದ್ದೀರಿ?”

ಆ ಪದ ಕೇಳಿ ನಾವೆಲ್ಲ ಭಾವನತ್ತ ತಿರುಗಿದೆವು. ಪೆನ್ನು ಹಾಳೆಯ ಮೇಲೆ ಕಾದಿತ್ತು. ಭಾವ ಕುರ್ಚಿಯನ್ನೊಮ್ಮೆ, ಅಧಿಕಾರಿಯನ್ನೊಮ್ಮೆ ನೋಡಿ ಹೇಳಿದರು:

“ಅದರ ಒಂದು ಕಾಲು ಅಲ್ಲಾಡುತ್ತೆ ಮೇಡಂ, ಕೂತ್ರೆ ಬೀಳ್ತೀರಿ. ಯಾರೂ ಕೂರಬಾರದು ಅಂತಷ್ಟೇ ನಾನು ಅಂದಿದ್ದು, ಫಸ್ಟ್ ಅನ್ನೋದು ಇವನು ಸೇರಿಸಿದ್ದು. ಮೊಳೆ ಹೊಡೀಬೇಕು. ಇಪ್ಪತ್ಮೂರು ದಿನ ಆಯ್ತು.”