ಡಿಶ್ ಜಾಕಿಯ ಮಂಚ

ತಿಪಟೂರಿನ ಸೇವಾ ಸಂಘವೊಂದರಲ್ಲಿ ರೋಗಿಗಳಿಗೆ ಎರವಲು ಕೊಡುವ ಕಬ್ಬಿಣದ ಮಂಚವೊಂದಿದೆ. ಅದನ್ನು ಮಾಡಿದವರ ಹೆಸರನ್ನು ಸಂಘದವರು ಬಿಟ್ಟಿದ್ದಾರೆ. ಮರೆತು ಬಿಟ್ಟದ್ದಲ್ಲ, ನಾನು ಎರಡು ಸಲ ಹೇಳಿದ ಮೇಲೂ ಬಿಟ್ಟದ್ದು. ಗೋಡೆಯ ಹಲಗೆಯಲ್ಲಿ ಹನ್ನೊಂದು ಹೆಸರುಗಳಿವೆ. ದಾನಿಯೆಂದು ನನ್ನದೂ ಇದೆ.

ಹೋದ ತಿಂಗಳು ಅಲ್ಲಿಗೆ ಹೋದಾಗ ಮಂಚದ ಅಡಿಯಿಂದ ಗ್ರೀಸಿನ ವಾಸನೆ ಬಂತು. ಅದರೊಂದಿಗೇ ಅವರೂ ನೆನಪಿಗೆ ಬಂದರು... ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಸಾಹೇಬರು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನನ್ನ ತಮ್ಮ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡಿದ್ದ. ಅವನನ್ನು ಎತ್ತಿ ಕೂರಿಸಲು ಇಬ್ಬರು ಬೇಕಿತ್ತು. ಬಾಗಿಲಿಗೆ ಯಾರು ಬಂದರೆಂದು ನೋಡುವುದಕ್ಕೂ ಯಾರನ್ನಾದರೂ ಕರೆಯಬೇಕಿತ್ತು. ಕ್ರಮೇಣ ಅವನು ಕರೆಯುವುದನ್ನೇ ನಿಲ್ಲಿಸಿದ. ಪಂಪಿನ ಮೋಟಾರು ರಿಪೇರಿಗೆ ಕೊಡಲು ಹೋದಾಗ, ಬೇರೆ ಮಾತಿನ ನಡುವೆ, ಇದನ್ನು ಸಾಹೇಬರಿಗೆ ಹೇಳಿದೆ.

ಕಿಬ್ಬನಹಳ್ಳಿಯ ಕೇಬಲ್ ಟಿ.ವಿ.ಯವರೊಬ್ಬರ ತಾರಸಿಯಿಂದ ಇಳಿಸಿ ತಂದಿದ್ದ ಡಿಶ್ ಜಾಕಿಯನ್ನು ಅವರು ಹೊರತೆಗೆದರು. ಆ ಕಾಲದ ದೊಡ್ಡ ಡಿಶ್‌ಗಳನ್ನು ಆಕಾಶದಲ್ಲಿ ಅತ್ತಿತ್ತ ತಿರುಗಿಸುತ್ತಿದ್ದ ಸಾಧನವದು. ಒಂದು ಕೊಳವೆ, ಬುಡದಲ್ಲಿ ಪುಟ್ಟ ಮೋಟಾರು. ಮೋಟಾರು ತಿರುಗಿದಂತೆ ಒಳಗಿನ ಸರಳು ಮುಂದಕ್ಕೆ ಚಾಚುತ್ತದೆ, ಹಿಂದಕ್ಕೆ ಸರಿಯುತ್ತದೆ. ಈಗ ಇಂಥವನ್ನು ಮನೆಯಲ್ಲೇ ಜೋಡಿಸಿಕೊಳ್ಳುವವರು ಲೀನಿಯರ್ ಆಕ್ಚುಯೇಟರ್ ಎನ್ನುತ್ತಾರಂತೆ.

ತಮ್ಮನ ಕಬ್ಬಿಣದ ಮಂಚವನ್ನು ನಡುವೆ ಕತ್ತರಿಸಿ, ಕೀಲು ಹಾಕಿ, ತಲೆಯ ಭಾಗದ ಅಡಿಗೆ ಜಾಕಿ ಕೂರಿಸಿದರು. ಕರೆಂಟನ್ನು ನಂಬುವಂತಿರಲಿಲ್ಲ. ಮೂವತ್ತಾರು ವೋಲ್ಟಿನ ಜಾಕಿಗೆ ಹನ್ನೆರಡರ ಮೂರು ಬ್ಯಾಟರಿ ಬೇಕೆಂದು ವಿಜ್ಞಾನದ ಮೇಷ್ಟರಾದ ನಾನು ಹೇಳಿದೆ. ಅವರು ಎರಡೇ ಇಟ್ಟರು.

"ಮೂರು ಹಾಕುದ್ರೆ ಜೋರಾಗಿ ಓಡ್ತದೆ ಮೇಷ್ಟ್ರೇ. ಮಲಗೋನು ಮನುಷ್ಯ ಕಣ್ರೀ, ಡಿಶ್ಶಲ್ಲ. ನಿಧಾನುಕ್ಕೆ ಏಳ್ಲಿ ಬುಡಿ."

ತಮ್ಮನಿಗಿಂತ ಮೊದಲು ಅವರೇ ಮಲಗಿದರು. ಹತ್ತಾರು ಸಲ ಎದ್ದರು, ಇಳಿದರು. ಒಮ್ಮೆ ಜಾಕಿ ನಿಲ್ಲಬೇಕಾದಲ್ಲಿ ನಿಲ್ಲದೆ ಅವರನ್ನು ಮುಂದಕ್ಕೆ ಬಗ್ಗಿಸಿಬಿಟ್ಟಿತು. ಸೊಂಟ ಉಜ್ಜಿಕೊಳ್ಳುತ್ತ ಇಳಿದು, ತಡೆಯುವ ಸ್ವಿಚ್ಚನ್ನು ಎರಡು ಬೆರಳಿನಷ್ಟು ಸರಿಸಿ, ಮತ್ತೆ ಮಲಗಿದರು.

ತಮ್ಮನನ್ನು ಮಲಗಿಸಿದ ಮೇಲೆ ಜಾಕಿ ಓಡಿಸುವ ತಂತಿಯ ತುದಿಯ ಗುಂಡಿಗೆ ನಾನು ಕೈಚಾಚಿದೆ. ಸಾಹೇಬರು ಕೊಡಲಿಲ್ಲ, ಅದನ್ನು ಅವನ ಅಂಗೈಯಲ್ಲಿಟ್ಟರು. "ಎಬ್ಸೋರು ನೀವೇ ಆದ್ರೆ ಮಿಷನ್ ಯಾತಕ್ಕೆ?"

ತಮ್ಮ ಒತ್ತಿದ. ಬೆನ್ನು ನಿಧಾನವಾಗಿ ಮೇಲೆದ್ದಿತು. ಬಹಳ ಹೊತ್ತು ಬಾಗಿಲಾಚೆ ನೋಡಿದ.

"ಅಣ್ಣ, ಸೀಬೆ ಗಿಡ ಇಷ್ಟೆತ್ರ ಆಗದೆ. ಒಬ್ರೂ ಹೇಳ್ಲಿಲ್ವಲ್ಲ ನಂಗೆ."

"ನೋಡ್ಕೊ ಸಾಕು," ಎಂದರು ಸಾಹೇಬರು. "ಹತ್ತಕ್ಕೋಗ್ಬೇಡ ಕಣಪ್ಪ."

ತಮ್ಮ ನಕ್ಕ. ಬಿದ್ದ ಮೇಲೆ ಅದೇ ಮೊದಲು...

ಆರು ವರ್ಷ ಅವನು ಯಾರನ್ನೂ ಕರೆಯದೆ ಎದ್ದು ಕುಳಿತ. ನಕ್ಷೆಯಿಲ್ಲದೆ, ಪುಸ್ತಕವಿಲ್ಲದೆ ಇದನ್ನು ಮಾಡಬಲ್ಲವರು ನಮ್ಮೂರಿನಲ್ಲಿದ್ದರು. ಅವರು ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ನನ್ನ ಪಾಲಿಗೆ ಅದು ಬಿರುದು.

ತಮ್ಮ ಹೋದ ಮೇಲೆ ಮಂಚವನ್ನು ಸಂಘಕ್ಕೆ ಕೊಟ್ಟೆ. ಹಲಗೆಗೆಂದು ಸಾಹೇಬರ ಹೆಸರನ್ನೂ ಬರೆದುಕೊಟ್ಟೆ. "ಗುಜರಿ ಜಾಕಿಗೂ ಹೆಸ್ರು ಹಾಕುಸ್ಬೇಕಾ ಮೇಷ್ಟ್ರೇ?" ಎಂದರು ಕಾರ್ಯದರ್ಶಿಗಳು. ಕುಡಿಯುತ್ತಿದ್ದ ಕಾಫಿಯ ಲೋಟವನ್ನು ಕೆಳಗಿಡಲೂ ಇಲ್ಲ.

ಸಾಹೇಬರು ಈಗಿಲ್ಲ. ಅಂಗಡಿಯ ಬಾಗಿಲು ಹಾಕಿದೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಮೊದಲು ಬರಬೇಕಾದದ್ದು ಆ ಹಲಗೆಯ ಮೇಲೆ. ಹೋದ ತಿಂಗಳು ಗುಂಡಿ ಒತ್ತಿದಾಗ ಮಂಚ ಅದೇ ನಿಧಾನದಲ್ಲಿ ಎದ್ದಿತು, ಅವರು ನಿಲ್ಲಿಸಿದ್ದಲ್ಲಿಯೇ ನಿಂತಿತು. ಸಂಘದ ಮಹನೀಯರೇ, ನನ್ನನ್ನೂ ಸೇರಿಸಿ ಆ ಹನ್ನೊಂದು ಜನರಲ್ಲಿ, ಆ ಮಂಚದ ಮೇಲೆ ಮೊದಲು ತಾನೇ ಮಲಗಿ ನೋಡಿದವರು ಯಾರು?