ಎಡಕ್ಕೆ ಮಲಗುವ ಗಂಟು

ಕಾಡುಹಣ್ಣಿನ ಗೋದಾಮಿನಲ್ಲಿ ಆಕೆಯನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಕಟ್ಟಿದ ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ, ಒಂದು ಹಿಡಿ ಒಣಹಣ್ಣು ತೆಗೆದು ಮೂಸಿದರೆ ಸಾಕು, ಅದು ನೆರಳಲ್ಲಿ ಒಣಗಿದ್ದೋ ಡಾಂಬರು ರಸ್ತೆಯ ಮೇಲೋ ಎಂದು ಹೇಳಿಬಿಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಆ ಮೂಗು ಒಮ್ಮೆಯೂ ತಪ್ಪಿರಲಿಲ್ಲ.

ಅಂದು ಮೂಸಿದ ಹಣ್ಣಿನಲ್ಲಿ ಡಾಂಬರಿನ ವಾಸನೆಯಿತ್ತು. ಚೀಲದ ಚೀಟಿಯಲ್ಲಿದ್ದುದು ಅವಳ ಒಡಹುಟ್ಟಿದ ತಂಗಿಯ ಹೆಸರು. ಒಂದೇ ಚೀಲ ತಿರಸ್ಕಾರವಾದರೂ ಗೋದಾಮಿನ ಪಟ್ಟಿಯಿಂದ ಹಣ್ಣು ಆಯ್ದವರ ಹೆಸರು ಹೋಗುತ್ತಿತ್ತು.

"ಏನಕ್ಕ, ತಂಗಿ ಅಂದ ಕೂಡ್ಲೆ ಮೂಗು ಕಟ್ಕೊಂತಾ?" ಚೀಲ ತಂದಿದ್ದ ದಲ್ಲಾಳಿ ನಕ್ಕ.

"ಮೂಗು ನೆಟ್ಟಗೇ ಇದೆ ಕಣಯ್ಯ. ಹಣ್ಣು ರಸ್ತೆದು, ವಾಪಸ್ಸು." ಅವಳು ಚೀಲದ ಬಾಯಿಯ ಹಗ್ಗವನ್ನು ಬೆಳಕಿಗೆ ತಿರುಗಿಸಿದಳು. "ಆದ್ರೆ ಈ ಗಂಟು ನನ್ನ ತಂಗಿದಲ್ಲ. ಅವಳು ಎಡಚಿ. ಚಿಕ್ಕಂದಿನಲ್ಲಿ ನನ್ನ ಜಡೆಗೆ ರಿಬ್ಬನ್ ಕಟ್ತಿದ್ದವಳೇ ಅವಳು. ಗಂಟು ಯಾವತ್ತೂ ಎಡಕ್ಕೇ ಮಲಗೋದು. ಇದು ಬಲಕ್ಕೆ ಮಲಗಿದೆ. ದಾರೀಲಿ ಬಿಚ್ಚಿ ಹಣ್ಣು ಬದಲಾಯಿಸಿದ್ದು ಯಾರು?"

ದಲ್ಲಾಳಿಯ ನಗು ಅರ್ಧಕ್ಕೇ ನಿಂತಿತು. ಅವನ ಕೈ ತಾನಾಗಿ ಬೆನ್ನ ಹಿಂದೆ ಸರಿಯಿತು.

ಮೂಗಿನಕ್ಕ ಚೀಟಿ ಕಿತ್ತು, ಪಕ್ಕದಲ್ಲೇ ನಿಂತಿದ್ದ ಗೋದಾಮಿನ ಯಜಮಾನನ ಕೈಗಿಟ್ಟಳು. "ಇವಳ ಹೆಸರು ಪಟ್ಟೀಲಿರಲಿ, ಯಜಮಾನ್ರೆ. ತೆಗೆಯೋದಿದ್ರೆ ಇವನದು ತೆಗೀರಿ."

ಆಮೇಲೆ ಮುಂದಿನ ಚೀಲಕ್ಕೆ ಕೊಳವೆ ಚುಚ್ಚಿದಳು.