ಕಿವಿ ಪರೀಕ್ಷೆಯಲ್ಲಿ ಪಾಸಾದ ಕಾಶಿರಾಮ

ತಾಂಡೂರಿನ ಉಮಾಕಾಂತ ಸಾಹುಕಾರರ ಕಲ್ಲಿನ ಫ್ಯಾಕ್ಟರಿಯಲ್ಲಿ ಕಾಶಿರಾಮನ ಕೆಲಸವೆಂದರೆ ನೆಲಕ್ಕೆ ಹಾಸುವ ಪರ್ಸಿಕಲ್ಲುಗಳನ್ನು ಬಡಿದು ನೋಡುವುದು. ಸುತ್ತಿಗೆ ತಾಗಿಸಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದದ್ದು ಬದ್ ಎನ್ನುತ್ತದೆ. ಈ ಕೆಲಸಕ್ಕೂ ಮೊದಲು ಮೂವತ್ತು ವರ್ಷ ಕಲ್ಲು ಕೊರೆಯುವ ಮಷೀನಿನ ಪಕ್ಕ ನಿಂತ ಪುಣ್ಯದಿಂದ ಈಗ ಅವನಿಗೆ ಠಣ್ಣೂ ಬದ್ದೂ ಒಂದೇ ಆಗಿದ್ದವು. ಬಿರುಕಿದೆಯೆಂದು ಎರಡು ಲಾರಿ ಕಲ್ಲು ವಾಪಸು ಬಂದವು.

"ಕಿವಿ ರಿಪೇರಿ ಮಾಡಿಸ್ಕೊಂಡು ಬಾ. ಇಲ್ಲಂದ್ರ ಸುತ್ತಿಗಿ ಬ್ಯಾರೆಯವ್ರಿಗಿ ಕೊಡ್ತೀನಿ," ಎಂದರು ಸಾಹುಕಾರರು.

ಸೊಸೆ ಶಿವಕಾಂತಾ ಅವನನ್ನು ಜಹೀರಾಬಾದಿಗೆ ಕರೆದೊಯ್ದಳು. ಕಿವಿ ತಜ್ಞೆ ಮಾಧುರಿ ಮೇಡಂ ಅವನನ್ನು ಗಾಜಿನ ಕಿಟಕಿಯಿದ್ದ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಒತ್ತಲು ಒಂದು ಗುಂಡಿ ಕೊಟ್ಟರು. ಕಾಶಿರಾಮ ಹೆಚ್ಚುಕಡಿಮೆ ಒಂದನ್ನೂ ಬಿಡಲಿಲ್ಲ. ಹೊರಗೆ ಬಂದವನೇ, "ಪಾಸ್ ಆದೆನೇನ್ರಿ?" ಎಂದ. ಕಿವುಡು ಅಲ್ಪಸ್ವಲ್ಪವೆಂದು ಕಂಡಿದ್ದರಿಂದ ಮೇಡಂ ಕಿವಿ ಮಷೀನನ್ನು ಅಷ್ಟಕ್ಕೇ ಹೊಂದಿಸಿ ಕಳಿಸಿದರು.

ಹತ್ತೇ ದಿನಕ್ಕೆ ಮತ್ತೆ ಹಾಜರಾದ. "ನಿಮ್ಮ ಮಷೀನ್ ಖರಾಬ್ ಅದರಿ. ಕಲ್ಲಿಂದು ಆವಾಜೇ ಬರಂಗಿಲ್ಲ."

"ಕಾಕಾ, ಕರೇ ಹೇಳ್ರಿ. ಅವತ್ತು ಎಲ್ಲಾ ಕೇಳಿತ್ತಾ?" ಎಂದರು ಮೇಡಂ.

"ಕೇಳೋದು ಯಾಕ್ರಿ? ನೀವು ಆವಾಜ್ ಬಿಟ್ಟಾಗೆಲ್ಲ ಕಿಟಕಿದಾಗ ನಿಮ್ಮ ಮೊಣಕೈ ಹಂದಾಡೋದು ಕಾಣ್ತಿತ್ತಲ್ಲ!"

ಕಲ್ಲು ಕೊರೆಯುವ ಮಷೀನಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಎದುರಿನವನ ಕೈ ನೋಡಿಯೇ ಕಲ್ಲು ತಳ್ಳಬೇಕು, ನಿಲ್ಲಿಸಬೇಕು. ಆ ಅಭ್ಯಾಸದಿಂದಲೇ ಕಾಶಿರಾಮನ ಹತ್ತು ಬೆರಳೂ ಇನ್ನೂ ಲೆಕ್ಕಕ್ಕೆ ಸಿಗುತ್ತಿದ್ದವು.

"ಮಾವಾ, ಕಿವಿ ತೋರ್ಸಾಕ ಬಂದು ಕಣ್ಣು ತೋರ್ಸಿ ಹೋಗೀರಿ ನೋಡ್ರಿ!" ಎಂದಳು ಶಿವಕಾಂತಾ.

"ನಾಪಾಸಾದ್ರ ಸಾಹುಕಾರಗ ಏನ್ ಹೇಳ್ಬೇಕವಾ?"

ಮಾಧುರಿ ಮೇಡಂ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಮೇಷ್ಟರು ಶಿಕ್ಷೆ ಕೊಟ್ಟ ಹುಡುಗನಂತೆ ಕುಳಿತ ಕಾಶಿರಾಮ ಈ ಸಲ ಬಹಳ ಹೊತ್ತು ಗುಂಡಿ ಮುಟ್ಟಲೇ ಇಲ್ಲ. ಫಲಿತಾಂಶ ನೋಡಿ ಮೇಡಂ ಶಬ್ದ ಏರಿಸಿದರು. ಕಿವಿಯ ಅಚ್ಚು ತೆಗೆದುಕೊಂಡು, ಕಿವಿ ಮಷೀನು ಸಡಿಲಾಗದಂತೆ ಕೂರಿಸಿದರು. ಮಾತಿಗೊಂದು, ಕಲ್ಲಿಗೊಂದು ಎಂದು ಬೇರೆಬೇರೆ ಹೊಂದಿಕೆಯನ್ನೂ ಇಟ್ಟುಕೊಟ್ಟರು.

"ಕಲ್ಲಿಂದು ಜೋರ್ ಇಡ್ರಿ," ಎಂದ ಕಾಶಿರಾಮ. "ಸೊಸಿ ಮಾತಿಂದು ಜರಾ ಕಮ್ಮಿ ಇದ್ರೂ ನಡೀತದ."

ಮರುದಿನ ಫ್ಯಾಕ್ಟರಿಯ ಅಂಗಳದಲ್ಲಿ ಒಂದೊಂದೇ ಕಲ್ಲು ಬಡಿಯುತ್ತ ಹೋದವನು ನಾಲ್ಕನೆಯದಕ್ಕೆ ಬಿರುಕಿದೆಯೆಂದು ಸೀಮೆಸುಣ್ಣದ ಕಾಟು ಹಾಕಿದ. ನೋಡಲು ಆ ಕಲ್ಲು ಕನ್ನಡಿಯಂತಿತ್ತು. ಸಾಹುಕಾರರಿಗೆ ನಂಬಿಕೆ ಬರಲಿಲ್ಲ. ಅದರ ಮೇಲೆ ಒಂದು ಕೊಡ ನೀರು ಸುರಿಸಿ ಕಾದು ನಿಂತರು. ಬಿಸಿಲಿಗೆ ಕಲ್ಲೆಲ್ಲ ಆರಿತು. ನಡುವೆ ಕೂದಲೆಳೆಯಂಥ ಒಂದು ಗೆರೆ ಮಾತ್ರ ಹಸಿಯಾಗಿಯೇ ಉಳಿಯಿತು.

ಅದನ್ನು ತೋರಿಸಲು ಸಾಹುಕಾರರು ತಲೆಯೆತ್ತಿದರೆ, ಕಾಶಿರಾಮ ಅಷ್ಟರಲ್ಲಿ ಆರು ಕಲ್ಲು ಮುಂದೆ ಹೋಗಿದ್ದ.